ಕ್ಷೌರದ ಕತ್ತಿಗೆ ಮನೆಯಲ್ಲೇ ಸಾಣೆ: ನಾನು ಮಾಡುವ ರೀತಿ

ಇಲ್ಲಿ ಹೇಳುತ್ತಿರುವುದು ಹಳೆ ಕಾಲದ ಮಡಚುವ ಕ್ಷೌರದ ಕತ್ತಿ ಬಗ್ಗೆ. ಈಗ ಸಲೂನುಗಳಲ್ಲಿ ಅರ್ಧ ಬ್ಲೇಡ್ ಸಿಕ್ಕಿಸುವ ಹಿಡಿ ಇರುತ್ತಲ್ಲ, ಅದಲ್ಲ. ಒಬ್ಬರ ರಕ್ತ ಇನ್ನೊಬ್ಬರಿಗೆ ತಾಗಬಾರದು, ಹಾಗಾಗಿ ಅಂಗಡಿಗೆ ಬ್ಲೇಡೇ ಸರಿ. ಮನೆಯಲ್ಲಿ ಒಬ್ಬರೇ ಬಳಸುವ ಕತ್ತಿಗೆ ಆ ಭಯ ಇಲ್ಲ. ಸರಿಯಾಗಿ ಸಾಣೆ ಹಿಡಿದ ಕತ್ತಿ ಕೆನ್ನೆ ಮೇಲೆ ಹೋಗುವ ಸುಖ ಬೇರೆ ಯಾವ ರೇಜರಿನಲ್ಲೂ ನನಗೆ ಸಿಕ್ಕಿಲ್ಲ.

ನನ್ನದು ಜರ್ಮನಿಯ ಸೋಲಿಂಗನ್‌ನಲ್ಲಿ ಮಾಡಿದ ಕಾರ್ಬನ್ ಸ್ಟೀಲ್ ಕತ್ತಿ. ಬೆಂಗಳೂರಿನ ಸಂಡೆ ಬಜಾರಿನಲ್ಲಿ ಹಳೆ ಬೀಗ, ಸ್ಪಾನರುಗಳ ನಡುವೆ ಸಿಕ್ಕಿತು. ಆ ಊರಿನ ಹೆಸರನ್ನು ಅಲ್ಲಿ ತಯಾರಾದ ಸಾಮಾನಿಗೆ ಮಾತ್ರ ಹಾಕಬೇಕು ಎಂದು 1938ರಲ್ಲೇ ಜರ್ಮನಿಯಲ್ಲಿ ಕಾನೂನು ಬಂದಿದೆ. ಅಲಗಿನ ಬುಡದಲ್ಲಿ ಆ ಹೆಸರು ಅಥವಾ ಇಂಗ್ಲೆಂಡಿನ ಶೆಫೀಲ್ಡ್ ಹೆಸರು ಕಂಡರೆ ಒಮ್ಮೆ ಕೈಗೆತ್ತಿಕೊಂಡು ನೋಡಿ. ಅಲಗಿನ ಮೈಮೇಲೆ ಕಪ್ಪು ಕಲೆ, ಸ್ವಲ್ಪ ತುಕ್ಕು ಇದ್ದರೆ ಪರವಾಗಿಲ್ಲ. ಆದರೆ ಬಾಯಿಯ ಅಂಚಿನಲ್ಲೇ ತುಕ್ಕು ತಿಂದು ಗುಂಡಿ ಬಿದ್ದಿದ್ದರೆ ಅಥವಾ ಕೂದಲೆಳೆಯಷ್ಟು ಬಿರುಕು ಇದ್ದರೂ ಬಿಟ್ಟುಬಿಡಿ. ಎಷ್ಟು ತಿಕ್ಕಿದರೂ ಆ ಕಬ್ಬಿಣ ನಿಲ್ಲುವುದಿಲ್ಲ.

ಮನೆಯಲ್ಲಿ ಸಾಣೆ ಹಿಡಿಯಲು ಹೊರಟವರೆಲ್ಲ ಮೊದಲು ಕೇಳುವುದು ಯಾವ ಪಾಲಿಷ್ ಕಲ್ಲು ತಗೊಳ್ಳಲಿ, ಯಾವ ಪೇಸ್ಟ್ ಹಚ್ಚಲಿ ಅಂತ. ನಾನು ಹೇಳುವುದು ಒಂದೇ. ಕೆಲಸದ ಮುಕ್ಕಾಲು ಪಾಲು 1000 ನಂಬರಿನ ಕಲ್ಲಿನ ಮೇಲೇ ಮುಗಿಯುತ್ತದೆ (ನಂಬರ್ ಹೆಚ್ಚಿದಷ್ಟೂ ಕಲ್ಲು ನಯ). ಅಲ್ಲಿ ಬಾಯಿ ಕೂತಿಲ್ಲ ಎಂದರೆ ಆಮೇಲೆ ಎಷ್ಟೇ ದುಬಾರಿ ಕಲ್ಲಿನ ಮೇಲೆ ಎಳೆದರೂ ಮೊಂಡು ಕತ್ತಿಗೆ ಹೊಳಪು ಬರುತ್ತದೆ, ಅಷ್ಟೇ.

ಬಾಯಿ ಕೂರುವುದು ಎಂದರೆ ಏನು? ಅಲಗಿನ ಅಂಚಿಗೆ ಎರಡೂ ಕಡೆ ಸಣ್ಣದಾಗಿ ಹೊಳೆಯುವ ಇಳಿಜಾರು ಪಟ್ಟಿ ಇರುತ್ತದೆ, ಬೆವೆಲ್ ಅನ್ನುತ್ತಾರೆ. ಆ ಎರಡು ಪಟ್ಟಿಗಳು ಬುಡದಿಂದ ತುದಿವರೆಗೆ ಒಂದೇ ಗೆರೆಯಲ್ಲಿ ಬಂದು ಸೇರಬೇಕು. ಎಲ್ಲಾದರೂ ಒಂದು ಚೂರು ಸೇರದೆ ಉಳಿದರೂ ಆ ಜಾಗ ಗಡ್ಡ ಕತ್ತರಿಸುವುದಿಲ್ಲ, ಎಳೆಯುತ್ತದೆ.

ಕೋನದ ಚಿಂತೆ ಇಲ್ಲಿ ಬೇಡ. ಅಡುಗೆಮನೆ ಚಾಕು ಮಸೆಯುವಾಗ ಕೋನವನ್ನು ಕೈಯಲ್ಲೇ ಹಿಡಿಯಬೇಕು, ಇದರಲ್ಲಿ ಹಾಗಲ್ಲ. ಬೆನ್ನು, ಬಾಯಿ ಎರಡನ್ನೂ ಕಲ್ಲಿಗೆ ತಾಗಿಸಿ ಮಲಗಿಸಿದರೆ ಕೋನ ತಾನಾಗೇ ಕೂರುತ್ತದೆ. ಅಗಲ 19 ಮಿಲಿಮೀಟರ್, ಬೆನ್ನಿನ ದಪ್ಪ 5 ಮಿಲಿಮೀಟರ್ ಇದ್ದರೆ ಎರಡೂ ಕಡೆ ಸೇರಿ 15 ಡಿಗ್ರಿ ಆಸುಪಾಸು ಬರುತ್ತದೆ. ಮಾಡಿದವರು ಕೋನವನ್ನು ಲೆಕ್ಕ ಹಾಕಿಯೇ ಬೆನ್ನಿನಲ್ಲಿ ಇಟ್ಟಿದ್ದಾರೆ. ಹಾಗಾಗಿ ಯಾವ ಹೊತ್ತಿನಲ್ಲೂ ಬೆನ್ನು ಎತ್ತಬಾರದು. ಬೆನ್ನು ಸವೆಯಬಾರದು ಎಂದು ನಾನು ಎಲೆಕ್ಟ್ರಿಕಲ್ ಟೇಪಿನ ಒಂದು ಪದರ ಸುತ್ತುತ್ತೇನೆ. ಮೊದಲ ಕಲ್ಲಿಗೆ ಟೇಪ್ ಹಾಕಿದರೆ ಕೊನೆಯ ಕಲ್ಲಿಗೂ ಹಾಕಬೇಕು, ಇಲ್ಲದಿದ್ದರೆ ಕೋನ ಬದಲಾಗುತ್ತದೆ. ಸವೆದ ಟೇಪನ್ನು ಕಿತ್ತು ಹೊಸದು ಹಾಕಿ.

ಕಲ್ಲು ಸಮತಟ್ಟಾಗಿರಬೇಕು. ಹೊಸ ಕಲ್ಲನ್ನೂ ನಂಬಬೇಡಿ. ಮೇಲೆ ಪೆನ್ಸಿಲ್ಲಿನಿಂದ ಚೌಕಳಿ ಗೆರೆ ಎಳೆಯಿರಿ. ದಪ್ಪ ಗಾಜಿನ ಮೇಲೆ 220 ನಂಬರಿನ ವಾಟರ್ ಪೇಪರ್ ಹಾಸಿ, ನೀರು ಬಿಟ್ಟು, ಗೆರೆ ಪೂರ್ತಿ ಅಳಿಸುವವರೆಗೆ ಕಲ್ಲನ್ನು ತಿಕ್ಕಿ. ನಡುವೆ ಗೆರೆ ಉಳಿದರೆ ಅಲ್ಲಿ ತಗ್ಗಿದೆ ಅಂತ ಅರ್ಥ.

ನನ್ನ 1000ದ ಕಲ್ಲು ಜಪಾನಿನ ಕಿಂಗ್ ಬ್ರ್ಯಾಂಡಿನದು. ಅದನ್ನು ಹತ್ತು ನಿಮಿಷ ನೀರಿನಲ್ಲಿ ನೆನೆಸಿಡುತ್ತೇನೆ. ಬೆವೆಲ್ ಮೇಲೆ ಮಾರ್ಕರ್ ಪೆನ್ನಿನಿಂದ ಕಪ್ಪು ಬಳಿದು ಎರಡು ಸಲ ಹಗುರಾಗಿ ಎಳೆಯುತ್ತೇನೆ. ಎಲ್ಲಿ ಕಪ್ಪು ಹೋಗಿದೆಯೋ ಅಲ್ಲಿ ಕಲ್ಲು ತಾಗುತ್ತಿದೆ, ಎಲ್ಲಿ ಉಳಿದಿದೆಯೋ ಅಲ್ಲಿ ಇಲ್ಲ. ಹಳೆ ಕತ್ತಿಗಳಲ್ಲಿ ಅಲಗು ಚೂರು ತಿರುಚಿಕೊಂಡಿರುವುದು ಸಾಮಾನ್ಯ. ಆಗ ನೇರ ಎಳೆಯದೆ, ಬುಡದಿಂದ ಶುರು ಮಾಡಿ ತುದಿಯ ಕಡೆ ಓರೆಯಾಗಿ ಜಾರಿಸಿಕೊಂಡು ಹೋಗಬೇಕು.

ಎಳೆಯುವಾಗ ಬಾಯಿ ಮುಂದೆ ಹೋಗಬೇಕು, ಕಲ್ಲಿನಿಂದ ತೆಳುವಾದ ಪದರ ಹೆರೆಯುವ ಹಾಗೆ. ತುದಿಯಲ್ಲಿ ಬೆನ್ನಿನ ಮೇಲೆ ಮಗುಚಿ ಇನ್ನೊಂದು ಮಗ್ಗುಲಲ್ಲಿ ವಾಪಸ್. ಮೊದಲಿಗೆ ಸ್ವಲ್ಪ ಭಾರ ಕೊಡಬಹುದು, ಆದರೆ ಅಲಗು ಬಾಗುವಷ್ಟಲ್ಲ. ಹೊಟ್ಟೆ ಕೊರೆದು ತೆಳುವಾಗಿ ಮಾಡಿದ ಅಲಗು ಬೆರಳ ಒತ್ತಡಕ್ಕೇ ಬಾಗುತ್ತದೆ, ಬಾಗಿದರೆ ಅಂಚು ಕಲ್ಲನ್ನು ಬಿಟ್ಟು ಮೇಲೇಳುತ್ತದೆ. ಕೊನೆಕೊನೆಗೆ ಕತ್ತಿಯ ಸ್ವಂತ ಭಾರ ಮಾತ್ರ ಸಾಕು.

ಇಲ್ಲಿ ಕಣ್ಣಿಟ್ಟು ನೋಡಬೇಕಾದ್ದು ನೀರನ್ನು. ಬಾಯಿ ಇನ್ನೂ ಕೂತಿಲ್ಲ ಎಂದರೆ ನೀರು ಅಂಚಿನ ಕೆಳಗೇ ನುಸುಳಿ ಹೋಗುತ್ತದೆ. ಕೂರುತ್ತಾ ಬಂದ ಹಾಗೆ ನೀರು ಅಂಚಿನ ಮುಂದೆ ಸಣ್ಣ ಅಲೆಯಾಗಿ ಏಳುತ್ತದೆ, ಆಮೇಲೆ ಅಲಗಿನ ಮೇಲೆ ಹತ್ತಿಕೊಳ್ಳುತ್ತದೆ. ಬುಡದಿಂದ ತುದಿವರೆಗೆ ಒಂದೇ ಸಮ ಹತ್ತುತ್ತಿದೆಯಾ ಎಂದು ನೋಡಿ. ಒಂದು ಕಡೆ ಮಾತ್ರ ಹತ್ತದೆ ನಿಂತರೆ ಆ ಜಾಗದಲ್ಲಿ ಇನ್ನೂ ಕೆಲಸ ಬಾಕಿ ಇದೆ. ಸದ್ದೂ ಬದಲಾಗುತ್ತದೆ. ಮೊದಲು ಕರಕರ ಅನ್ನುತ್ತಿದ್ದದ್ದು ಮೆತ್ತಗಾಗುತ್ತದೆ.

ಆಮೇಲೆ ಎರಡು ಪರೀಕ್ಷೆ. ಒಂದು, ಬಾಯಿಯನ್ನು ಮೇಲೆ ಮಾಡಿ ಬಲ್ಬಿನ ಕೆಳಗೆ ನಿಧಾನ ತಿರುಗಿಸಿ ನೋಡುವುದು. ಹರಿತವಾದ ಅಂಚು ಬೆಳಕನ್ನು ವಾಪಸ್ ಕೊಡುವುದಿಲ್ಲ. ಬಿಳಿ ಚುಕ್ಕೆ ಮಿನುಗಿದರೆ ಅಲ್ಲಿ ಇನ್ನೂ ಮೊಂಡು ಇದೆ. ಹತ್ತು ಪಟ್ಟು ದೊಡ್ಡದು ಮಾಡುವ ಕೈ ಭೂತಗನ್ನಡಿ ಇದ್ದರೆ ಒಳ್ಳೇದು. ಇನ್ನೊಂದು, ಮುಂಗೈ ಕೂದಲು. ಚರ್ಮಕ್ಕೆ ತಾಗಿಸಿ ಹಗುರಾಗಿ ಸರಿಸಿದರೆ ಅಲಗಿನ ಪ್ರತಿಯೊಂದು ಭಾಗವೂ ಕೂದಲು ತೆಗೆಯಬೇಕು. ತುದಿ ತೆಗೆದು ಬುಡ ತೆಗೆಯದಿದ್ದರೆ ಮತ್ತೆ ಕಲ್ಲಿಗೆ. ಈ ಹಂತದಲ್ಲಿ ಅವಸರ ಮಾಡಿದವರಿಗೇ ಆಮೇಲೆ ಯಾವ ಕಲ್ಲೂ ಸರಿ ಕಾಣುವುದಿಲ್ಲ.

ಮುಂದಿನದು ಬೇಗ ಆಗುತ್ತದೆ. 4000, 8000, ಆಮೇಲೆ ನಾನಿವಾ ಅನ್ನುವ ಜಪಾನಿ ಬ್ರ್ಯಾಂಡಿನ 12000. ಜಪಾನಿ ಲೆಕ್ಕದಲ್ಲಿ 1000ದ ಕಣ 12ರಿಂದ 15 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು), 4000ದ್ದು 3ರ ಹತ್ತಿರ, 8000ದ್ದು ಒಂದಕ್ಕಿಂತ ಸ್ವಲ್ಪ ಜಾಸ್ತಿ. ಒಂದೊಂದು ಕಲ್ಲೂ ಹಿಂದಿನ ಕಲ್ಲಿನ ಗೀರುಗಳನ್ನು ಅಳಿಸಿ ತನ್ನ ಸಣ್ಣ ಗೀರು ಹಾಕುತ್ತದೆ, ಅಷ್ಟೇ ಅದರ ಕೆಲಸ. ಕಲ್ಲು ಬದಲಿಸುವಾಗ ಕತ್ತಿ, ಕೈ ಎರಡನ್ನೂ ತೊಳೆಯಿರಿ. 1000ದ ಒಂದೇ ಒಂದು ಕಣ 12000ದ ಮೇಲೆ ಬಿದ್ದರೂ ಅಂಚಿನಲ್ಲಿ ಗೀರು ಎದ್ದು ಕಾಣುತ್ತದೆ. ನಾನಿವಾ ಕಲ್ಲನ್ನು ನೆನೆಸಬೇಕಿಲ್ಲ, ಮೇಲೆ ನೀರು ಚಿಮುಕಿಸಿದರೆ ಸಾಕು. ಇಷ್ಟೆಲ್ಲ ಕಲ್ಲಿಗೆ ದುಡ್ಡು ಹಾಕಲು ಮನಸ್ಸಿಲ್ಲದವರು ಲ್ಯಾಪಿಂಗ್ ಫಿಲ್ಮ್, ಅಂದರೆ ಮಸೆಯುವ ನುಣ್ಣನೆ ಕಣ ಹಚ್ಚಿದ ಪ್ಲಾಸ್ಟಿಕ್ ಹಾಳೆ, ತರಿಸಿ. ಒದ್ದೆ ಗಾಜಿನ ಮೇಲೆ ಅಂಟಿಸಿ 3 ಮೈಕ್ರಾನ್, 1 ಮೈಕ್ರಾನ್ ಎಂದು ಇಳಿಯುತ್ತಾ ಹೋದರೆ ಫಲಿತಾಂಶ ಕಲ್ಲಿಗಿಂತ ಕಡಿಮೆ ಏನಿಲ್ಲ, ಹಾಳೆ ಸವೆಯುತ್ತದೆ ಅನ್ನುವುದೊಂದೇ ತಾಪತ್ರಯ.

ಕಲ್ಲಾದ ಮೇಲೆ ಹಸಿರು ಪೇಸ್ಟ್, ಅಂದರೆ ಕ್ರೋಮಿಯಂ ಆಕ್ಸೈಡ್, ಅರ್ಧ ಮೈಕ್ರಾನಿನದು. ಹಲಗೆಗೆ ಅಂಟಿಸಿದ ಚರ್ಮದ ತುಂಡಿಗೆ ತೆಳ್ಳಗೆ ಸವರಿ ಹತ್ತಿಪ್ಪತ್ತು ಸಲ ಎಳೆದರೆ ಸಾಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಹಸಿರು ಬಫಿಂಗ್ ಕಟ್ಟಿ ಬೇಡ. ಎಷ್ಟೋ ಕಟ್ಟಿಗಳಲ್ಲಿ ಇನ್ನೂ ಒರಟಾದ ಅಲ್ಯುಮಿನಿಯಂ ಆಕ್ಸೈಡ್ ಬೆರೆಸಿರುತ್ತಾರೆ. ಲೋಹಕ್ಕೆ ಹೊಳಪು ಕೊಡಲು ಅದು ಸರಿ, ಮುಖಕ್ಕೆ ಹೋಗುವ ಬಾಯಿಗೆ ಅಲ್ಲ. ಪೇಸ್ಟ್ ಹಚ್ಚಿದ ಚರ್ಮವನ್ನು ಬೇರೆಯಾಗೇ ಇಡಿ.

ಕೊನೆಗೆ ನೇತುಹಾಕಿದ ಪಟ್ಟಿ. ಒಂದು ಕಡೆ ಕ್ಯಾನ್ವಾಸ್, ಇನ್ನೊಂದು ಕಡೆ ಏನೂ ಹಚ್ಚದ ಚರ್ಮ, ಮೂರು ಇಂಚು ಅಗಲ. ಇಲ್ಲಿ ದಿಕ್ಕು ಉಲ್ಟಾ. ಬೆನ್ನು ಮುಂದೆ, ಬಾಯಿ ಹಿಂದೆ. ತುದಿಗೆ ಬಂದಾಗ ಬಾಯಿಯನ್ನು ಎತ್ತಿ, ಬೆನ್ನಿನ ಮೇಲೇ ಹೊರಳಿಸಿ ವಾಪಸ್ ತನ್ನಿ. ಹೊರಳಿಸುವ ಮುಂಚೆ ಕೈ ಪೂರ್ತಿ ನಿಲ್ಲಬೇಕು. ಪಟ್ಟಿ ಜೋತು ಬಿದ್ದಿದ್ದರೆ ಚರ್ಮ ಅಂಚಿನ ಸುತ್ತ ಬಾಗಿ, ಕಲ್ಲಿನ ಮೇಲೆ ಮಾಡಿದ್ದನ್ನೆಲ್ಲ ಮೊಂಡು ಮಾಡುತ್ತದೆ. ಬಿಗಿಯಾಗಿ ಎಳೆದು ಹಿಡಿಯಿರಿ. ಕ್ಯಾನ್ವಾಸ್ ಮೇಲೆ ಇಪ್ಪತ್ತು, ಚರ್ಮದ ಮೇಲೆ ಐವತ್ತು, ಪ್ರತಿ ಕ್ಷೌರಕ್ಕೂ ಮೊದಲು. ಹಿಂದೆ ಕ್ಷೌರಿಕರು ಅಂಗೈ ಮೇಲೇ ಸರಸರ ಎಳೆದುಕೊಳ್ಳುತ್ತಿದ್ದರು. ಅಂಗೈ ಚರ್ಮವೂ ಚರ್ಮವೇ ತಾನೇ, ಅದು ಬರೀ ಶೋಕಿ ಅಲ್ಲ, ಅಂಚು ನಿಜವಾಗಿಯೂ ನಯವಾಗುತ್ತದೆ. ಆದರೆ ಆ ಕೈ ಪಳಗಲು ವರ್ಷಗಳು ಬೇಕು, ಮನೆಯಲ್ಲಿ ಕಲಿಯುವವರಿಗೆ ಪಟ್ಟಿಯೇ ಸುರಕ್ಷಿತ.

ಒಂದು ಕೂದಲನ್ನು ಬೆರಳಲ್ಲಿ ಹಿಡಿದು ತೂಗಾಡಿಸಿ ಅಂಚಿಗೆ ತಾಗಿಸಿ ನೋಡಿ. ಸದ್ದಿಲ್ಲದೆ ತುಂಡಾದರೆ ಸಂತೋಷ. ಆದರೆ ನಿಜವಾದ ತೀರ್ಪು ಬರುವುದು ದವಡೆಯ ಕೆಳಗೆ, ಗಂಟಲ ಹತ್ತಿರ, ಕೂದಲು ಅಡ್ಡಾದಿಡ್ಡಿ ಬೆಳೆಯುವ ಜಾಗದಲ್ಲಿ. ಅಲ್ಲಿ ಎಳೆಯದೆ ಹೋದರೆ ಬಾಯಿ ಸರಿಯಾಗಿದೆ. ಹೋಗುತ್ತದೆ ಆದರೆ ಆಮೇಲೆ ಉರಿ ಬರುತ್ತದೆ ಎಂದರೆ ಅಂಚು ಒರಟಿದೆ, 12000 ಮತ್ತು ಪೇಸ್ಟಿಗೆ ಇನ್ನೊಮ್ಮೆ ಹೋಗಿ. ಎಳೆಯುತ್ತಲೇ ಇದ್ದರೆ 1000ಕ್ಕೇ ವಾಪಸ್.

ನಾನಿರುವುದು ಮಂಗಳೂರಿನಲ್ಲಿ. ಇಲ್ಲಿನ ಮಳೆಗಾಲದಲ್ಲಿ ಕಾರ್ಬನ್ ಸ್ಟೀಲಿಗೆ ತುಕ್ಕು ಹಿಡಿಯಲು ಒಂದು ರಾತ್ರಿ ಸಾಕು. ಬಚ್ಚಲಿನಲ್ಲಿ ಕತ್ತಿ ಇಡುವುದೇ ಇಲ್ಲ. ಕ್ಷೌರ ಆದ ತಕ್ಷಣ ತೊಳೆದು ಬಟ್ಟೆಯಲ್ಲಿ ಒರೆಸಿ, ಹಿಡಿಯ ಒಳಗೆ, ಕೀಲಿನ ಸಂದಿಗೆ ಟಿಶ್ಯೂ ತೂರಿಸಿ ನೀರು ತೆಗೆಯುತ್ತೇನೆ. ಆಮೇಲೆ ಒಂದು ತೊಟ್ಟು ಹೊಲಿಗೆ ಮೆಷಿನ್ ಎಣ್ಣೆ. ತೆಂಗಿನೆಣ್ಣೆ ಕೈಗೆ ಸಿಗುತ್ತದೆ ಅಂತ ಹಚ್ಚಬೇಡಿ, ಬರಬರುತ್ತಾ ಕಮಟು ವಾಸನೆ ಬಂದು ಅಂಟಂಟಾಗುತ್ತದೆ. ಬಾಯಿ ಸ್ವಲ್ಪ ಎಳೆಯಲು ಶುರುವಾದ ಕೂಡಲೇ 12000ದ ಮೇಲೆ ಹತ್ತು ಸಲ ಹಗುರಾಗಿ ಎಳೆದು ಪಟ್ಟಿಗೆ ಹಾಕಿದರೆ ಮತ್ತೆ ಸರಿಹೋಗುತ್ತದೆ. ಬೀಳಿಸಿ ಚೂರು ಎದ್ದರೆ ಮಾತ್ರ 1000ದ ಕಲ್ಲನ್ನು ಮತ್ತೆ ನೆನೆಸಬೇಕು.