ಒಂದು ಎಲೆ ಅಂದರೆ ಎಷ್ಟು? ಲಾಲ್‌ಬಾಗ್‌ನಲ್ಲಿ ಗಿಡದ ಕುಟುಂಬ ಗುರುತಿಸುವ ಬಗೆ

ಲಾಲ್‌ಬಾಗ್‌ಗೆ ಹೊಸಬರನ್ನು ಕರೆದುಕೊಂಡು ಹೋದಾಗಲೆಲ್ಲ ಒಂದೇ ತಪ್ಪು ನೋಡುತ್ತೇನೆ. ಮರದ ಮುಂದೆ ನಿಂತ ತಕ್ಷಣ ಬೋರ್ಡ್ ಓದುತ್ತಾರೆ, ಹೆಸರು ಬರೆದುಕೊಂಡು ಮುಂದಿನ ಮರಕ್ಕೆ ಹೋಗುತ್ತಾರೆ. ಮನೆಗೆ ಬರುವ ಹೊತ್ತಿಗೆ ನಲವತ್ತು ಹೆಸರು ಸೇರಿರುತ್ತದೆ. ಮಾರನೇ ದಿನ ತಮ್ಮ ಬೀದಿಯ ಮರವೇ ಗೊತ್ತಾಗುವುದಿಲ್ಲ. ದಯವಿಟ್ಟು ಮೊದಲು ಕುಟುಂಬ ಕಲಿಯಿರಿ. ಹೈದರಾಲಿ 1760ರಲ್ಲಿ ಶುರು ಮಾಡಿಸಿದ ಈ 240 ಎಕರೆ ತೋಟದಲ್ಲಿ ನಮ್ಮೂರ ಮರವೂ ಸಿಗುತ್ತದೆ, ಅದರ ವಿದೇಶಿ ನೆಂಟರೂ ಸಿಗುತ್ತಾರೆ. ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಜಾಗ ಬೇಕಾ?

ಮೊದಲ ಹೆಜ್ಜೆ: ಸಿದ್ಧತೆ. ಒಂದು ನೋಟ್‌ಬುಕ್, ಪೆನ್ಸಿಲ್, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಡಚುವ ಮಸೂರ. ಸ್ಟೇಷನರಿ ಅಂಗಡಿಯ ಪ್ಲಾಸ್ಟಿಕ್ ಭೂತಗನ್ನಡಿ ತರಬೇಡಿ, ಅದರಲ್ಲಿ ಏನೂ ಕಾಣುವುದಿಲ್ಲ. ಜನವರಿ, ಆಗಸ್ಟ್‌ನ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಹೋಗಲೇಬೇಡಿ. ನೂಕುನುಗ್ಗಲಿನಲ್ಲಿ ಎಲೆ ನೋಡಲು ಆಗುವುದಿಲ್ಲ.

ಎರಡನೇ ಹೆಜ್ಜೆ: ಒಂದು ಎಲೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ? ಹತ್ತರಲ್ಲಿ ಎಂಟು ಜನ ಎಡವುವುದು ಇಲ್ಲೇ. ಇಲ್ಲಿ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ.

ಕರಿಬೇವಿನಿಂದ ಶುರು ಮಾಡೋಣ. ಒಗ್ಗರಣೆಗೆ ಉದುರಿಸುವ ಒಂದೊಂದು ಚೂರನ್ನೂ ನಾವು ಎಲೆ ಅನ್ನುತ್ತೇವೆ. ನಿಜವಾಗಿ ಇಡೀ ಎಸಳು ಸೇರಿ ಒಂದು ಎಲೆ. ಆ ಚೂರುಗಳು ಕಿರುಎಲೆಗಳು. ಬಿಲ್ವಪತ್ರೆಯೂ ಹಾಗೇ. ಮೂರು ಎಲೆಯಂತೆ ಕಂಡರೂ ಅದು ಒಂದೇ ಪತ್ರೆ, ಮೂರು ದಳ. ಪೂಜೆ ಮಾಡುವವರು ತ್ರಿದಳ ಅಂತ ಸರಿಯಾಗಿಯೇ ಹೇಳುತ್ತಾರೆ. ತೆಂಗಿನ ಮರದಿಂದ ದೊಪ್ಪನೆ ಬೀಳುವ ಇಡೀ ಸೋಗೆ ಒಂದೇ ಎಲೆ.

ಗುರುತಿಸುವುದು ಹೇಗೆ? ಕಂಕುಳು ನೋಡಿ. ಎಲೆಯ ತೊಟ್ಟು ರೆಂಬೆಗೆ ಸೇರುವ ಮೂಲೆಯಲ್ಲಿ ಒಂದು ಸಣ್ಣ ಮೊಗ್ಗು ಇರುತ್ತದೆ. ಕೆಲವು ಗಿಡಗಳಲ್ಲಿ ಅದು ಸಾಸಿವೆಗಿಂತ ಚಿಕ್ಕದು, ಮಸೂರ ಬೇಕೇ ಬೇಕು. ಹೊಸ ರೆಂಬೆ, ಹೂವು ಬರುವುದು ಅಲ್ಲಿಂದ. ಕಿರುಎಲೆಯ ಕಂಕುಳಲ್ಲಿ ಮೊಗ್ಗು ಇರುವುದಿಲ್ಲ. ಆದ್ದರಿಂದ ತುದಿಯಿಂದ ಹಿಂದಕ್ಕೆ ಬೆರಳು ಜಾರಿಸುತ್ತಾ ಬನ್ನಿ. ಮೊಗ್ಗು ಸಿಕ್ಕ ಕಡೆ ನಿಲ್ಲಿಸಿ. ಅಲ್ಲಿಂದ ಆಚೆಗೆ ಇರುವುದಷ್ಟೂ ಒಂದು ಎಲೆ.

ಇದನ್ನು ಪರೀಕ್ಷಿಸಲು ಹುಣಸೆ ಮತ್ತು ನೆಲ್ಲಿಯನ್ನು ಹೋಲಿಸಿ. ಎರಡೂ ನೋಡಲು ಒಂದೇ ತರಹ, ಕಡ್ಡಿಯ ಎರಡೂ ಬದಿಗೆ ಸಾಲಾಗಿ ಪುಟ್ಟ ಪುಟ್ಟ ಎಲೆ. ಹುಣಸೆಯಲ್ಲಿ ಅವು ಕಿರುಎಲೆಗಳು. ನೆಲ್ಲಿಯಲ್ಲಿ ಒಂದೊಂದೂ ಪೂರ್ತಿ ಎಲೆ! ಸಾಕ್ಷಿ ಬೇಕಾದರೆ ಮನೆಯ ಕುಂಡದಲ್ಲಿ ತಾನಾಗೇ ಹುಟ್ಟುವ ನೆಲನೆಲ್ಲಿಯ ಕಡ್ಡಿಯನ್ನು ಮಗುಚಿ ನೋಡಿ. ಪ್ರತಿ ಎಲೆಯ ಬುಡದಲ್ಲಿ ಹಸಿರು ಮಣಿಯಂಥ ಕಾಯಿ, ಸಾಲಾಗಿ, ಪೋಣಿಸಿಟ್ಟ ಹಾಗೆ. ಕಂಕುಳಿಂದ ಕಾಯಿ ಬಂದಿದೆ, ಅಂದಮೇಲೆ ಅದು ಎಲೆಯೇ. ಹುಣಸೆಯ ಎಲೆಕಡ್ಡಿಯ ಮೇಲೆ ಕಾಯಿ ಬಿಡುವುದನ್ನು ಯಾರಾದರೂ ನೋಡಿದ್ದೀರಾ?

ಮೊಬೈಲ್ ಆ್ಯಪ್‌ಗಳ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಒಂದು ಫೋಟೊ ನೋಡಿ ಹೆಸರು ಹೇಳುವ ಆ್ಯಪ್‌ಗೆ ಕಂಕುಳು ಕಾಣುವುದಿಲ್ಲ, ವಾಸನೆ ಗೊತ್ತಾಗುವುದಿಲ್ಲ. ಕಲಿಯುವ ಮೊದಲ ಆರು ತಿಂಗಳು ಅದನ್ನು ತೆರೆಯಬೇಡಿ.

ಮೂರನೇ ಹೆಜ್ಜೆ: ಜೋಡಣೆ. ಎಲೆಗಳು ರೆಂಬೆಯ ಮೇಲೆ ಎದುರುಬದುರು ಇವೆಯೋ, ಒಂದು ಆ ಕಡೆ ಒಂದು ಈ ಕಡೆ ಇವೆಯೋ ಬರೆದುಕೊಳ್ಳಿ. ಎದುರುಬದುರು ಇದ್ದು, ಎರಡು ತೊಟ್ಟುಗಳ ನಡುವೆ ಪುಟ್ಟ ತ್ರಿಕೋನದ ಪೊರೆ ಕಂಡರೆ ಅದು ಕಾಫಿ, ಕೇಪಳದ ರೂಬಿಯೇಸಿ ಕುಟುಂಬ. ಮಲೆನಾಡಿನವರು ತೋಟದಲ್ಲೇ ನೋಡಬಹುದು.

ನಾಲ್ಕನೇ ಹೆಜ್ಜೆ: ಹಾಲು, ವಾಸನೆ, ಚುಕ್ಕೆ. ತೋಟದಲ್ಲಿ ಎಲೆ ಕೀಳಬೇಡಿ. ಮಾಲಿಗಳು ಸವರಿ ಹಾಕಿದ ರೆಂಬೆಗಳ ರಾಶಿ ಇದ್ದರೆ ಅವರನ್ನು ಕೇಳಿ ಅಲ್ಲೇ ನೋಡಿ. ಇಲ್ಲದಿದ್ದರೆ ಮನೆಯ ಗಿಡದಲ್ಲಿ ಮಾಡಿ. ತೊಟ್ಟು ಮುರಿದಾಗ ಬಿಳಿ ಹಾಲು ಬಂದು, ಎಲೆಗಳೂ ಎದುರುಬದುರು ಇದ್ದರೆ ಬಹುಪಾಲು ಅಪೊಸೈನೇಸಿ: ಎಕ್ಕ, ನಂದಿಬಟ್ಟಲು. ದೇವಕಣಗಿಲೆಯೂ ಇದೇ ಮನೆಯದು, ಆದರೆ ಅದರ ಎಲೆಗಳು ಎದುರುಬದುರು ಇರುವುದಿಲ್ಲ. ಹಾಲು ಮುಟ್ಟಿದ ಕೈಯಿಂದ ಕಣ್ಣು ಉಜ್ಜಬೇಡಿ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ.

ನಿಂಬೆ ಎಲೆಯನ್ನು ಬೆಳಕಿಗೆ ಹಿಡಿಯಿರಿ. ಸೂಜಿಯಿಂದ ಚುಚ್ಚಿದಂತೆ ಚುಕ್ಕೆಗಳು ಹೊಳೆಯುತ್ತವೆ. ಅವು ಎಣ್ಣೆಯ ಚೀಲಗಳು. ಕರಿಬೇವು, ಬಿಲ್ವದಲ್ಲೂ ಇವೆ, ಮೂರೂ ರುಟೇಸಿ. ಸೀಬೆ, ನೇರಳೆಯಲ್ಲೂ ಚುಕ್ಕೆ ಇವೆ, ಆದರೆ ಅವುಗಳ ಎಲೆ ಎದುರುಬದುರು. ಅದು ಮಿರ್ಟೇಸಿ. ಮೂರನೇ ಹೆಜ್ಜೆ ಬಿಟ್ಟವರು ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ.

ಸಂಪಿಗೆಯ ರೆಂಬೆ ನೋಡುವುದನ್ನು ಮರೆಯಬೇಡಿ. ಪ್ರತಿ ಎಲೆಯ ಬುಡದಲ್ಲೂ ರೆಂಬೆಯ ಸುತ್ತ ಉಂಗುರದಂಥ ಗೆರೆ ಇರುತ್ತದೆ. ಮೊಗ್ಗನ್ನು ಮುಚ್ಚಿದ್ದ ಪೊರೆ ಉದುರಿದ ಗುರುತು ಅದು. ಆಲ, ಹಲಸಿನಲ್ಲೂ ಇದೇ ಉಂಗುರ ಇದೆ. ಅವುಗಳಲ್ಲಿ ಹಾಲು ಬರುತ್ತದೆ, ಸಂಪಿಗೆಯಲ್ಲಿ ಬರುವುದಿಲ್ಲ.

ಐದನೇ ಹೆಜ್ಜೆ: ಹೂವು. ಇದು ಸುಲಭ. ದಾಸವಾಳ, ಬೆಂಡೆ, ಹತ್ತಿ ಹೂವುಗಳ ನಡುವೆ ಕೇಸರಗಳು ಸೇರಿ ಒಂದು ಕೊಳವೆ ಆಗಿರುತ್ತವೆ, ಅದು ಮಾಲ್ವೇಸಿ. ತಲೆಗೆ ಹಚ್ಚುವ ದಾಸವಾಳದ ಲೋಳೆ, ಬೆಂಡೆಕಾಯಿಯ ಲೋಳೆ ಎರಡೂ ಈ ಕುಟುಂಬದ ಗುರುತೇ. ಐದೇ ದಳದ ದಾಸವಾಳ ಆರಿಸಿಕೊಳ್ಳಿ. ಹಲವು ಸುತ್ತು ದಳಗಳ ತಳಿಯಲ್ಲಿ ಕೇಸರಗಳೇ ದಳಗಳಾಗಿರುತ್ತವೆ, ಕೊಳವೆ ಸರಿಯಾಗಿ ಕಾಣುವುದಿಲ್ಲ.

ಕೊನೆಗೆ ಬೋರ್ಡ್. ನಿಮ್ಮ ಉತ್ತರ ಬರೆದ ಮೇಲೆ ಮಾತ್ರ ಓದಿ. ಹಳೆಯ ಬೋರ್ಡ್, ಹಳೆಯ ಪುಸ್ತಕಗಳಲ್ಲಿ ಬೂರುಗ ಬೊಂಬಕೇಸಿಯಲ್ಲಿ, ಎಕ್ಕ ಆಸ್ಕ್ಲೆಪಿಯಡೇಸಿಯಲ್ಲಿ ಇರಬಹುದು. ಈಗ ಬೂರುಗ ಮಾಲ್ವೇಸಿಗೆ, ಎಕ್ಕ ಅಪೊಸೈನೇಸಿಗೆ ಸೇರಿವೆ. ಹೆಸರು ಬೇರೆ ಇದೆ ಅಂತ ನಿಮ್ಮ ಉತ್ತರ ಹೊಡೆದು ಹಾಕಬೇಡಿ. ಒಂದು ಭೇಟಿಗೆ ಒಂದೇ ಕುಟುಂಬ, ಐದು ಗಿಡ ಸಾಕು. ಮುಂದಿನ ಭಾನುವಾರ ಅದೇ ಐದು ಗಿಡಗಳ ಹತ್ತಿರ ಹೋಗಿ, ಬೋರ್ಡಿಗೆ ಬೆನ್ನು ಹಾಕಿ ನಿಂತು ಮತ್ತೆ ಕಂಕುಳಿಂದ ಶುರು ಮಾಡಿ.