ಹುತ್ತರಿ ಮುಗಿಸಿ ಡುಬ್ರೋವ್ನಿಕ್‌ಗೆ: ಅಲ್ಲಿಯ ಚಳಿಗಾಲವೆಂದರೆ ಮಳೆಗಾಲ

ಕೊಡಗಿನ ರೋಬಸ್ಟಾ ಕಾಫಿ ತೋಟದವರಿಗೆ ಕೈ ಬಿಡುವಾಗುವುದು ಸುಗ್ಗಿಹಬ್ಬ ಹುತ್ತರಿ ಕಳೆದ ಮೇಲೆ, ಜನವರಿ ನಡುವಿನ ಕೊಯ್ಲಿಗೆ ಮೊದಲು. (ಅದೇ ಹೊತ್ತಿಗೆ ಕೊಯ್ಲಿರುವ ಅರೇಬಿಕಾ ಕಾಫಿಯವರಿಗೆ ಈ ಲೆಕ್ಕ ನಡೆಯದು.) ಕ್ರೊಯೇಷಿಯಾದ ಹಳೇ ಕೋಟೆಪೇಟೆ ಡುಬ್ರೋವ್ನಿಕ್‌ನಲ್ಲಿ ಎರಡು ವಾರ ನಿಧಾನವಾಗಿ ಇದ್ದು ಬರಲು ಅದೇ ಸರಿಯಾದ ಹೊತ್ತು. ಬೇಸಿಗೆಯ ನೂಕುನುಗ್ಗಲು ಇರುವುದಿಲ್ಲ, ಬಾಡಿಗೆಯೂ ಇಳಿದಿರುತ್ತದೆ. ಆದರೆ ನಮ್ಮ ಡಿಸೆಂಬರಿನ ಒಣ ಚಳಿ ಅಲ್ಲಿಲ್ಲ. ಮೆಡಿಟರೇನಿಯನ್ ಕರಾವಳಿಯಲ್ಲಿ ಮಳೆ ಬೀಳುವುದೇ ಚಳಿಗಾಲದಲ್ಲಿ. ಹಗಲು 12-13 ಡಿಗ್ರಿ, ರಾತ್ರಿ 6ರ ಸುಮಾರು ಎಂದರೆ ಮಡಿಕೇರಿಯವರಿಗೆ ನಗು ಬರಬಹುದು. ಕಲ್ಲಿನ ಮನೆಯೊಳಗೆ ಕೂತಾಗ ಆ ನಗು ನಿಲ್ಲುತ್ತದೆ. ಜುಲೈಯ ಸುರಿಮಳೆಯಲ್ಲಿ ಭಾಗಮಂಡಲಕ್ಕೆ ಹೊರಟವರಂತೆ ಸಿದ್ಧರಾಗಿ.

ಎಲ್ಲಕ್ಕಿಂತ ಮುಖ್ಯ, ಮನೆಯ ಆಯ್ಕೆ. ಕೋಟೆಯೊಳಗೆ ಕಾರು ಬರುವುದಿಲ್ಲ, ಸಾಮಾನು ನೀವೇ ಹೊರಬೇಕು. ನಡುಬೀದಿ ಸ್ಟ್ರಾಡುನ್‌ನಿಂದ ಉತ್ತರಕ್ಕೆ ಗಲ್ಲಿಗಳೆಲ್ಲ ಕಡಿದಾದ ಮೆಟ್ಟಿಲು. ಚಕ್ರದ ಪೆಟ್ಟಿಗೆ ಅಲ್ಲಿ ಹೊರೆಯೇ, ಬೆನ್ನಿಗೆ ಹಾಕುವ ಚೀಲ ಒಯ್ಯಿರಿ. ಮೆಟ್ಟಿಲು ಕಷ್ಟವಾದರೂ ಮೇಲಿನ ಮನೆಗಳಿಗೆ ಬಿಸಿಲು ಬೀಳುತ್ತದೆ. ಕೆಳಗಿನ ಇಕ್ಕಟ್ಟು ಗಲ್ಲಿಯ ನೆಲಮಹಡಿಯಲ್ಲಿ ಗೋಡೆ ಬೂಸ್ಟು ಹಿಡಿಯುತ್ತದೆ, ಬಟ್ಟೆ ಒಣಗುವುದೇ ಇಲ್ಲ. ಮುಂಗಡ ಕೊಡುವ ಮೊದಲು ನಾಲ್ಕು ಪ್ರಶ್ನೆ ಕೇಳಿ: ಬೀದಿಯಿಂದ ಎಷ್ಟು ಮೆಟ್ಟಿಲು, ಕಿಟಕಿಗೆ ಬಿಸಿಲಿದೆಯೇ, ಮಲಗುವ ಕೋಣೆಗೇ ಪ್ರತ್ಯೇಕ ‘ಕ್ಲಿಮಾ’ ಇದೆಯೇ, ತೇವ ಹೀರುವ ಯಂತ್ರವಿದೆಯೇ. ಕ್ಲಿಮಾ ಎಂದರೆ ಎಸಿ. ಚಳಿಗಾಲದಲ್ಲಿ ಕೋಣೆ ಬೆಚ್ಚಗಾಗುವುದು ಸಾಮಾನ್ಯವಾಗಿ ಅದರಿಂದಲೇ. ಹಾಲ್‌ನಲ್ಲಿ ಒಂದೇ ಇದ್ದರೆ ರಾತ್ರಿ ನಡುಗಬೇಕಾಗುತ್ತದೆ.

ಬೇಕಾದದ್ದು ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ತೀರಾ ತಡವೆಂದರೆ 15 ದಿನ, ಸೆಪ್ಟೆಂಬರಿನಲ್ಲೇ ಮುಗಿಸಿ. 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಬೇಕು. ಬೆಳೆಗಾರರು ಎಡವುವುದು ಹಣದ ದಾಖಲೆಯಲ್ಲಿ. ಒಣಗಿಸಿ ಹಾಗೆಯೇ ಮಾರಿದ ಕಾಫಿಗೆ ಆದಾಯ ತೆರಿಗೆ ಇಲ್ಲದ್ದರಿಂದ ಎಷ್ಟೋ ಜನ ರಿಟರ್ನ್ಸ್ ಹಾಕಿರುವುದಿಲ್ಲ, ಮಳೆಗಾಲದ ಬ್ಯಾಂಕ್ ಪುಸ್ತಕವೂ ಬಡಕಲಾಗಿರುತ್ತದೆ. ಪಹಣಿಯ ಇಂಗ್ಲಿಷ್ ಅನುವಾದ, ಹಿಂದಿನ ಕೊಯ್ಲಿನ ಮಾರಾಟದ ಬಿಲ್ಲು, ವರ್ಷಕ್ಕೊಮ್ಮೆ ಹಣ ಬರುವುದೆಂದು ವಿವರಿಸುವ ಪತ್ರ ಜೊತೆಗಿಡಿ.

ಹಂದಿ ಮಾಂಸದ ಉಪ್ಪಿನಕಾಯಿ, ಒಣಗಿಸಿದ ಮಾಂಸ, ತುಪ್ಪ ಒಯ್ಯಬೇಡಿ. ಹೊರದೇಶದ ಮಾಂಸ, ಹಾಲಿನ ಪದಾರ್ಥಗಳನ್ನು ಯುರೋಪಿನ ಗಡಿಯಲ್ಲಿ ಕಸಿದುಕೊಳ್ಳುತ್ತಾರೆ. ಕೊಡಗಿನ ಕಿತ್ತಳೆಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಬಿಟ್ಟುಬಿಡಿ. ಅಲ್ಲಿಯೇ ನೆರೆಟ್ವಾ ಕಣಿವೆಯ ಕಿತ್ತಳೆ ಸಿಗುತ್ತದೆ. ಕಾಫಿಪುಡಿ, ಬೆಲ್ಲ, ಕರಿಮೆಣಸು, ಬಿಗಿ ಮುಚ್ಚಳದ ಸಣ್ಣ ಸೀಸೆಯಲ್ಲಿ ಕಾಚಂಪುಳಿ (ನಮ್ಮ ಕಪ್ಪು ಹುಳಿರಸ) ಸಾಕು. ಹಂದಿ ಮಾಂಸ ಅಲ್ಲಿ ಧಾರಾಳ, ಪಂದಿಕರಿಗೆ ಚಿಂತೆಯಿಲ್ಲ. ಬಾಡಿಗೆ ಮನೆಯಲ್ಲಿ ಇಂಡಕ್ಷನ್ ಒಲೆಯಿದ್ದರೆ ನಮ್ಮ ಅಲ್ಯೂಮಿನಿಯಂ ಪಾತ್ರೆ ಅದರಲ್ಲಿ ಕಾಯದು. ನಮ್ಮ ಮೂರು ಕಡ್ಡಿಯ ಪ್ಲಗ್ಗಿಗೆ ಅಡಾಪ್ಟರ್ ಬೇಕು.

ದಿನದ ಲೆಕ್ಕ ಗಾಳಿ ನೋಡಿ ಮಾಡಿ. ಈಶಾನ್ಯದ ‘ಬುರಾ’ ಒಣ, ಕೊರೆಯುವ ಗಾಳಿ, ಆದರೆ ಆಕಾಶ ತಿಳಿ. ಅದರ ಅಬ್ಬರ ತಗ್ಗಿದ ಬೆಳಗ್ಗೆ ಸುಮಾರು ಎರಡು ಕಿಲೋಮೀಟರಿನ ಕೋಟೆಗೋಡೆ ಸುತ್ತಿ. ಆಗ್ನೇಯದ ‘ಯೂಗೊ’ ಮಳೆ, ತೇವ ತರುತ್ತದೆ, ದಿನಗಟ್ಟಲೆ ಬೀಸುತ್ತದೆ. ಆಗ 1317ರ ಫ್ರಾನ್ಸಿಸ್ಕನ್ ಮಠದ ಔಷಧಾಲಯ ನೋಡಿ, ಇಲ್ಲವೇ ಒಂದು ಕಪ್ ಕಾಫಿ ಹಿಡಿದು ಒಂದೂವರೆ ಗಂಟೆ ಕೂರಿ; ಯಾರೂ ಎಬ್ಬಿಸುವುದಿಲ್ಲ. ಸ್ಟ್ರಾಡುನ್‌ನ ಸುಣ್ಣಕಲ್ಲು ಶತಮಾನಗಳ ತುಳಿತಕ್ಕೆ ನುಣುಪಾಗಿದೆ, ಒದ್ದೆಯಾದರೆ ಅಟ್ಟೆ ಸವೆದ ಬೂಟು ಜಾರುತ್ತದೆ. ಕೊಡೆಯನ್ನು ಗಾಳಿ ಮಗುಚಿಬಿಡುತ್ತದೆ, ರೇನ್‌ಕೋಟೇ ಲೇಸು. ಡಿಸೆಂಬರಿನಲ್ಲಿ ನಾಲ್ಕೂಕಾಲಿಗೆಲ್ಲ ಸೂರ್ಯ ಮುಳುಗುವುದರಿಂದ ತಿರುಗಾಟ ಬೆಳಗ್ಗೆಯೇ ಆಗಲಿ. ಹೊಸವರ್ಷ ಕಳೆದ ಮೇಲೆ ಕೋಟೆಯೊಳಗಿನ ಹಲವು ಊಟದ ಹೋಟೆಲುಗಳು ಬಾಗಿಲು ಹಾಕುತ್ತವೆ. ಊರಿನವರು ವಾಸವಿರುವ ಗ್ರೂಜ್, ಲಾಪಾಡ್‌ಗಳಿಗೆ ಕೋಟೆಯ ಪೀಲೆ ಬಾಗಿಲಿನಿಂದ ಬಸ್ಸಿದೆ. ಮೀನು, ತರಕಾರಿಗೆ ಗ್ರೂಜ್ ಮಾರುಕಟ್ಟೆಗೆ ಬೆಳಗ್ಗೆಯೇ ಹೋಗಿ.

ವಾಪಸು ಟಿಕೆಟ್ಟನ್ನು ಕೊಯ್ಲಿನ ಹಿಂದಿನ ದಿನಕ್ಕೆ ಮಾಡಬೇಡಿ. ಬುರಾ ಜೋರಾದರೆ ವಿಮಾನ ರದ್ದಾಗುತ್ತದೆ, ಚಳಿಗಾಲದಲ್ಲಿ ಮರುದಿನದ ವಿಮಾನಗಳೂ ಕಡಿಮೆ. ಬೆಂಗಳೂರಿನಿಂದ ಮನೆಗೆ ಬರುವ ಅರ್ಧ ದಿನವನ್ನೂ ಸೇರಿಸಿ ಮೂರು ದಿನ ಕೈಯಲ್ಲಿಟ್ಟುಕೊಳ್ಳಿ.