ಯಾರ ಮಾತು ಸಾಕ್ಷಿ ಆಗುತ್ತೆ: ಗುಲಾಮಗಿರಿಯ ಕಥೆ ಮತ್ತು ಕೆನಡಿ ಹತ್ಯೆಯ ಕಥೆ ಬರೆದ ನನ್ನ ಅನುಭವ

ಅಮೆರಿಕದ ಗುಲಾಮಗಿರಿ ಕಾಲದ ಬಗ್ಗೆ ಒಂದು ನೀಳ್ಗತೆ, ಅಧ್ಯಕ್ಷ ಕೆನಡಿ ಹತ್ಯೆಯ ತನಿಖೆ ಇಟ್ಕೊಂಡು ಇನ್ನೊಂದು, ಎರಡನ್ನೂ ಹೆಚ್ಚೂಕಮ್ಮಿ ಒಟ್ಟಿಗೇ ಬರೆದೆ. ಇವೆರಡಕ್ಕೂ ಎಲ್ಲಿಂದೆಲ್ಲಿಯ ಸಂಬಂಧ ಅಂತ ಗೆಳೆಯರು ಕೇಳ್ತಿದ್ರು. ನನಗೆ ಬರೀತಾ ಬರೀತಾ ಸಂಬಂಧ ಗಟ್ಟಿ ಆಗ್ತಾ ಹೋಯ್ತು. ಅಧಿಕಾರ ಕೈಲಿರೋನು ಮಾಡಬಾರದ್ದು ಮಾಡ್ತಾನೆ, ಸರಿ, ಆಮೇಲೆ ಅದರ ಬಗ್ಗೆ ಬಾಯಿ ಬಿಡೋ ಹಕ್ಕು ಯಾರಿಗಿದೆ, ಬಿಟ್ರೂ ಯಾರ ಮಾತು ಲೆಕ್ಕಕ್ಕೆ ಬರುತ್ತೆ? ಎರಡು ಕಥೆಗೂ ನಾನು ಇಟ್ಕೊಂಡಿದ್ದು ಇದೊಂದೇ ಪ್ರಶ್ನೆ.

ಗುಲಾಮಗಿರಿ ಕಥೆಗೆ ಕಾದಂಬರಿಗಳ ಬದಲು ಕೋರ್ಟ್ ತೀರ್ಪುಗಳಿಂದ ಶುರು ಮಾಡಿದೆ. ಕಾದಂಬರಿಗಳಲ್ಲಿ ಸಾಮಾನ್ಯವಾಗಿ ಚಾಟಿ ಹಿಡ್ಕೊಂಡ ಒಬ್ಬ ಕ್ರೂರಿ ಮೇಸ್ತ್ರಿ, ಅವನ ಪಕ್ಕದಲ್ಲಿ ಒಬ್ಬ ಮೆತ್ತಗಿನ ಯಜಮಾನ ಇರ್ತಾರೆ, ಓದೋರ ಸಿಟ್ಟೆಲ್ಲ ಮೇಸ್ತ್ರಿ ಮೇಲೆ ಹೋಗಿ ಮುಗಿದುಬಿಡುತ್ತೆ, ಆ ಚಾಟಿಗೆ ಪರ್ಮಿಷನ್ ಕೊಟ್ಟ ಕಾನೂನು ಆರಾಮಾಗಿ ತಪ್ಪಿಸ್ಕೊಳ್ಳುತ್ತೆ. ನಾರ್ತ್ ಕ್ಯಾರೊಲೈನಾದ ಚೋವನ್ ಕೌಂಟಿಯ 1829ರ ಒಂದು ಕೇಸು ಓದಿ ನೋಡಿ. ಲಿಡಿಯಾ ಅನ್ನೋ ಹೆಣ್ಣುಮಗಳನ್ನ ಅವಳ ಒಡತಿ ಒಂದು ವರ್ಷಕ್ಕೆ ಜಾನ್ ಮ್ಯಾನ್ ಅನ್ನೋನಿಗೆ ಬಾಡಿಗೆಗೆ ಕೊಟ್ಟಿರ್ತಾಳೆ. ಏನೋ ಸಣ್ಣ ತಪ್ಪಿಗೆ ಅವನು ಹೊಡೆಯೋಕೆ ಹೋಗ್ತಾನೆ, ಅವಳು ತಪ್ಪಿಸ್ಕೊಂಡು ಓಡ್ತಾಳೆ, ನಿಲ್ಲು ಅಂದ್ರೂ ನಿಲ್ಲಲಿಲ್ಲ ಅಂತ ಹಿಂದಿಂದ ಗುಂಡು ಹಾರಿಸ್ತಾನೆ. ಸ್ಥಳೀಯ ಜ್ಯೂರಿ, ಅಂದ್ರೆ ಅಲ್ಲಿನ ಬಿಳಿಯರೇ, ಇದು ತಪ್ಪು ಅಂದ್ರು. ರಾಜ್ಯದ ಸುಪ್ರೀಂ ಕೋರ್ಟ್ ಅದನ್ನ ತಳ್ಳಿಹಾಕ್ತು. ಗುಲಾಮರು ಪೂರ್ತಿ ತಗ್ಗಿ ನಡೀಬೇಕಾದ್ರೆ ಒಡೆಯನ ಅಧಿಕಾರಕ್ಕೆ ಮಿತಿಯೇ ಇರಬಾರದು ಅಂತ ಜಡ್ಜ್ ಥಾಮಸ್ ರಫಿನ್ ಬರೆದ್ರು, ಅದೂ ಹೀಗೆ ಬರೆಯೋಕೆ ನನಗೆ ಕಷ್ಟ ಆಗುತ್ತೆ ಅನ್ನೋದನ್ನೂ ತೀರ್ಪಲ್ಲೇ ಸೇರಿಸಿ. ಆ ತೀರ್ಪು ಓದಿದ ಮೇಲೆ ನನ್ನ ಕಥೆಯ ಯಜಮಾನನಿಗೆ ಕೆಟ್ಟ ಮುಖ ಕೊಡೋ ಅಗತ್ಯವೇ ಕಾಣಲಿಲ್ಲ. ಅವನು ಎಷ್ಟೇ ಒಳ್ಳೆಯವನಾಗಿದ್ರೂ ಆ ಕಾಗದ ಅವನ ಜೇಬಲ್ಲೇ ಇರುತ್ತೆ.

ಇನ್ನೊಂದು ಕೇಸು ಮಿಸೌರಿಯ ಸೀಲಿಯಾಳದ್ದು. 1850ರಲ್ಲಿ ರಾಬರ್ಟ್ ನ್ಯೂಸಮ್ ಅನ್ನೋ ವಿಧುರ ಅವಳನ್ನ ಕೊಂಡುಕೊಂಡಾಗ ಅವಳಿಗೆ ಸುಮಾರು ಹದಿನಾಲ್ಕು ವರ್ಷ. ಐದು ವರ್ಷ ಅವನ ಬಲಾತ್ಕಾರ ಸಹಿಸಿದವಳು 1855ರ ಜೂನ್ ತಿಂಗಳ ಒಂದು ರಾತ್ರಿ ಅವನು ಮತ್ತೆ ಬಂದಾಗ ದೊಣ್ಣೆಯಿಂದ ಹೊಡೆದು ಕೊಂದಳು. ಯಾವುದೇ ಹೆಂಗಸು ಬಲಾತ್ಕಾರದಿಂದ ತನ್ನನ್ನ ಕಾಪಾಡಿಕೊಳ್ಳಬಹುದು ಅನ್ನೋ ಕಾನೂನು ಮಿಸೌರಿಯಲ್ಲಿ ಇತ್ತು, ಅವಳ ವಕೀಲರು ಅದನ್ನೇ ಎತ್ತಿದ್ರು. ಆ ಕಾನೂನು ಇವಳಿಗೂ ಅನ್ವಯಿಸುತ್ತೆ ಅಂತ ಜ್ಯೂರಿಗೆ ಹೇಳೋಕೆ ಜಡ್ಜ್ ಒಪ್ಪಲಿಲ್ಲ. ಬಿಳಿಯನ ವಿರುದ್ಧ ಅವಳು ಸಾಕ್ಷಿ ಹೇಳೋ ಹಾಗೇ ಇರಲಿಲ್ಲ, ಅವಳ ಐದು ವರ್ಷದ ಕಥೆ ಕೋರ್ಟಿಗೆ ಬಂದಿದ್ದೇ ಬೇರೆಯವರ ಬಾಯಲ್ಲಿ ಚೂರುಪಾರಾಗಿ. ಅದೇ ಡಿಸೆಂಬರ್ 21ಕ್ಕೆ ಗಲ್ಲಿಗೇರಿಸಿದ್ರು.

ಇದನ್ನ ಓದಿದ ಮೇಲೆ ಬಲಾತ್ಕಾರವನ್ನ ದೃಶ್ಯವಾಗಿ ಬರೆಯೋದಿಲ್ಲ ಅಂತ ತೀರ್ಮಾನ ಮಾಡಿದೆ, ಆ ದೇಹವನ್ನ ಓದುಗರ ಕಣ್ಣಿಗೂ ಒಪ್ಪಿಸೋ ಅಧಿಕಾರ ನನಗೆ ಯಾರು ಕೊಟ್ರು? ಅದರ ಬದಲು ಜನಗಣತಿಯ ದೃಶ್ಯ ಬರೆದೆ. 1850 ಮತ್ತು 1860ರ ಗಣತಿಯಲ್ಲಿ ಗುಲಾಮರಿಗೇ ಅಂತ ಬೇರೆ ಹಾಳೆ ಇತ್ತು, ಅದರಲ್ಲಿ ಒಡೆಯನ ಹೆಸರು, ಕೆಳಗೆ ಸಾಲಾಗಿ ವಯಸ್ಸು, ಗಂಡೋ ಹೆಣ್ಣೋ, ಬಣ್ಣ, ಇಂಥವೇ ಕೆಲವು ವಿವರ, ಹೆಸರಿಗೆ ಕಾಲಮ್ಮೇ ಇಲ್ಲ. ನನ್ನ ಕಥೆಯಲ್ಲಿ ಗಣತಿಯವನು ಜಗಲಿ ಮೇಲೆ ಕೂತು ಹುಡುಗಿ ಕಡೆ ಪೆನ್ನು ತೋರಿಸಿ ಇವಳಿಗೆ ಎಷ್ಟು ವರ್ಷ ಅಂತಾನೆ. ಯಜಮಾನ ಅವಳನ್ನ ಒಂದ್ಸಲ ನೋಡಿ ಹನ್ನೆರಡಿರಬಹುದು ಅಂತಾನೆ. ಹಿಟ್ಟು ನಾದುತ್ತಾ ಬಾಗಿಲಲ್ಲೇ ನಿಂತಿರೋ ಅವಳ ತಾಯಿಗೆ ಮಗಳು ಹುಟ್ಟಿದ ದಿನ, ಆವತ್ತಿನ ಮಳೆ, ಎಲ್ಲ ಗೊತ್ತು, ಹನ್ನೆರಡಾಗೋಕೆ ಇನ್ನೂ ಎರಡು ವರ್ಷ ಇದೆ ಅನ್ನೋದೂ ಗೊತ್ತು. ಅವಳನ್ನ ಯಾರೂ ಕೇಳಲ್ಲ, ಹಾಳೆ ಮೇಲೆ ಹನ್ನೆರಡು ಅಂತ ಬೀಳುತ್ತೆ. ಯಜಮಾನ ಮತ್ತೊಂದ್ಸಲ ಹುಡುಗಿ ಕಡೆ ನೋಡ್ತಾನೆ, ಈ ಸಲ ಸ್ವಲ್ಪ ಜಾಸ್ತಿ ಹೊತ್ತು. ದೃಶ್ಯ ಅಷ್ಟೇ. ತಾಯಿ ಗುಲಾಮಳಾದ್ರೆ ಮಗುವೂ ಗುಲಾಮ ಅಂತ ವರ್ಜೀನಿಯಾ 1662ರಲ್ಲೇ ಕಾನೂನು ಮಾಡಿತ್ತು, ಅಂದ್ರೆ ಒಡೆಯನಿಗೆ ತನ್ನ ಬಲಾತ್ಕಾರದಿಂದ ಹುಟ್ಟಿದ ಮಗುವೂ ಆಸ್ತಿಯೇ. ಆ ತಾಯಿ ಏನನ್ನ ನೋಡ್ತಾ ನಿಂತಿದಾಳೆ ಅನ್ನೋದು ಇದು ಗೊತ್ತಿದ್ರೆ ಇನ್ನೂ ಚೆನ್ನಾಗಿ ತಿಳಿಯುತ್ತೆ.

ಗುಲಾಮಳಾಗಿದ್ದ ಹ್ಯಾರಿಯಟ್ ಜೇಕಬ್ಸ್ ವಿಷ್ಯ ಹೇಳದೆ ಮುಂದೆ ಹೋಗೋಕಾಗಲ್ಲ. ಇವರೂ ಅದೇ ಚೋವನ್ ಕೌಂಟಿಯ ಈಡೆಂಟನ್ ಊರಿನವರು. ಯಜಮಾನನ ಕಾಟದಿಂದ ಪಾರಾಗೋಕೆ ಅಜ್ಜಿ ಮನೆ ಅಟ್ಟದಲ್ಲಿ, ಒಂಬತ್ತಡಿ ಉದ್ದ ಏಳಡಿ ಅಗಲ, ತುಂಬ ಎತ್ತರ ಇರೋ ಕಡೆ ಮೂರೇ ಅಡಿ ಇದ್ದ ಜಾಗದಲ್ಲಿ, ಸುಮಾರು ಏಳು ವರ್ಷ ಅಡಗಿದ್ರು. 1861ರಲ್ಲಿ ಬೇರೆ ಹೆಸರಲ್ಲಿ ಆತ್ಮಕಥೆ ಬಂತು. ಇಪ್ಪತ್ತನೇ ಶತಮಾನದ ಎಷ್ಟೋ ವಿದ್ವಾಂಸರು ಅದನ್ನ ಕಟ್ಟುಕಥೆ, ಯಾರೋ ಬಿಳಿ ಲೇಖಕಿ ಬರೆದಿದ್ದು ಅಂತ್ಲೇ ನಂಬಿದ್ರು. 1980ರ ದಶಕದಲ್ಲಿ ಜೀನ್ ಫೇಗನ್ ಯೆಲಿನ್ ಅನ್ನೋ ವಿದ್ವಾಂಸೆ ಹಳೇ ಪತ್ರಗಳನ್ನ ಹುಡುಕಿ ತೆಗೆದು ಮುಖ್ಯ ಪಾತ್ರಗಳ ನಿಜ ಹೆಸರು ಹಿಡಿದು ತೋರಿಸಿದ ಮೇಲೆ ಒಪ್ಪಿಕೊಂಡ್ರು. ಗುಲಾಮಗಿರಿಯ ಕಾನೂನು ಹೋಗಿ ನೂರು ವರ್ಷ ಆದ್ಮೇಲೂ ಆ ಹೆಣ್ಣಿನ ಮಾತಿಗೆ ಸಾಕ್ಷಿಯ ಬೆಲೆ ಸಿಕ್ಕಿರಲಿಲ್ಲ, ಇದು ನನ್ನನ್ನ ಇವತ್ತಿಗೂ ಕಾಡುತ್ತೆ.

ಈಗ ಎರಡನೇ ಕಥೆ. 1963ರ ನವೆಂಬರ್ 22ರಂದು ಡಲ್ಲಾಸ್‌ನಲ್ಲಿ ಗುಂಡು ಹಾರಿಸಿದ್ದು ಯಾರು ಅನ್ನೋದನ್ನ ನಾನು ಕಥೆಯಿಂದ ಹೊರಗೇ ಇಟ್ಟೆ. ಕೊಲೆ ಹಿಂದೆ ದೊಡ್ಡ ಪಿತೂರಿ ಇತ್ತು ಅನ್ನೋ ಥಿಯರಿಗಳಲ್ಲಿ ಅಧಿಕಾರ ಅಂದ್ರೆ ಎಲ್ಲ ಗೊತ್ತಿರೋ, ಎಲ್ಲ ಕಡೆ ಕೈ ಇರೋ ಒಂದು ಭೂತ. ದಾಖಲೆಗಳಲ್ಲಿ ಕಾಣೋ ಅಧಿಕಾರ ತುಂಬ ಸಣ್ಣದು, ಸ್ವಂತ ಕುರ್ಚಿ ಉಳಿಸ್ಕೊಳ್ಳೋ ಥರದ್ದು. ಕೆನಡಿಯನ್ನ ಕೊಂದ ಆರೋಪ ಹೊತ್ತ ಆಸ್ವಾಲ್ಡ್, ಆ ಹತ್ಯೆಗೆ ಕೆಲವು ದಿನ ಮುಂಚೆ ಡಲ್ಲಾಸ್‌ನ ಎಫ್‌ಬಿಐ ಆಫೀಸಿಗೆ ಒಂದು ಚೀಟಿ ಕೊಟ್ಟು ಹೋಗಿದ್ದ. ಜಾಕ್ ರೂಬಿ ಅನ್ನೋನು ಆಸ್ವಾಲ್ಡ್‌ನನ್ನ ಕೊಂದ ಮೇಲೆ ಏಜೆಂಟ್ ಜೇಮ್ಸ್ ಹೋಸ್ಟಿ ಆ ಚೀಟಿ ಹರಿದು ಟಾಯ್ಲೆಟ್‌ಗೆ ಹಾಕಿ ಫ್ಲಶ್ ಮಾಡಿದ್ರು. ಮೇಲಧಿಕಾರಿ ಹೇಳಿದ್ದಕ್ಕೆ ಮಾಡಿದೆ ಅಂತ ಅವರು, ನನಗೆ ಆ ಚೀಟಿ ವಿಷ್ಯವೇ ಗೊತ್ತಿರಲಿಲ್ಲ ಅಂತ ಮೇಲಧಿಕಾರಿ. ಹೊರಗೆ ಬಂದಿದ್ದು 1975ರಲ್ಲಿ. ಹತ್ಯೆಯ ತನಿಖೆಗೆ ಸರ್ಕಾರ ಹಾಕಿದ ವಾರೆನ್ ಕಮಿಷನ್ನಿನಲ್ಲಿ ಗೂಢಚಾರ ಸಂಸ್ಥೆ ಸಿಐಎಯ ಮಾಜಿ ಮುಖ್ಯಸ್ಥ ಅಲೆನ್ ಡಲ್ಲೆಸ್ ಸದಸ್ಯರಾಗಿ ಕೂತಿದ್ರು, ಮಾಫಿಯಾ ಜನರನ್ನ ಹಿಡಿದು ಕ್ಯೂಬಾದ ನಾಯಕ ಕ್ಯಾಸ್ಟ್ರೋನ ಕೊಲ್ಲೋಕೆ ಸಿಐಎ ಪ್ಲಾನ್ ಮಾಡಿದ್ದ ವಿಷ್ಯ ಆ ಕಮಿಷನ್ನಿಗೆ ಯಾರೂ ಹೇಳಲೇ ಇಲ್ಲ. ಅದೂ 1975ರಲ್ಲಿ ಸೆನೆಟ್ ಸಮಿತಿ ಕೆದಕಿದ್ಮೇಲೇ ಅಧಿಕೃತವಾಗಿ ಖಚಿತ ಆಗಿದ್ದು.

ನನ್ನ ಕಥೆ ನಿಂತಿರೋದು 1978ರ ಒಂದು ಸಂಗತಿ ಮೇಲೆ. ಸಂಸತ್ತಿನ ಕೆಳಮನೆಯ ಸಮಿತಿ ಹತ್ಯೆಯನ್ನ ಮತ್ತೆ ತನಿಖೆ ಮಾಡ್ತಿದ್ದಾಗ ಫೈಲ್ ಕೇಳೋ ಸಮಿತಿಯ ಹುಡುಗರಿಗೂ ಸಿಐಎಗೂ ನಡುವೆ ನಿಲ್ಲೋಕೆ ಜಾರ್ಜ್ ಜೊಆನಿಡಿಸ್ ಅನ್ನೋ ಅಧಿಕಾರಿಯನ್ನ ಹಾಕಿದ್ರು. 1963ರಲ್ಲಿ ಮಯಾಮಿಯಲ್ಲಿ ಕ್ಯಾಸ್ಟ್ರೋ ವಿರೋಧಿ ಕ್ಯೂಬನ್ನರ ಒಂದು ವಿದ್ಯಾರ್ಥಿ ಸಂಘಟನೆಯನ್ನ ಸಿಐಎ ಪರವಾಗಿ ನೋಡ್ಕೊಳ್ತಿದ್ದಿದ್ದು ಇದೇ ವ್ಯಕ್ತಿ, ಆ ಸಂಘಟನೆಯ ಹುಡುಗರು ಅದೇ ವರ್ಷ ನ್ಯೂ ಆರ್ಲಿಯನ್ಸ್‌ನಲ್ಲಿ ಆಸ್ವಾಲ್ಡ್ ಜೊತೆ ಬೀದಿಯಲ್ಲಿ ಜಗಳ ಆಡಿದ್ರು. ಅಂದ್ರೆ ಸಾಕ್ಷಿ ಹೇಳಬೇಕಾದವನನ್ನೇ ಫೈಲ್ ಕೊಡೋ ಕಿಟಕಿಯಲ್ಲಿ ಕೂರಿಸಿದ್ರು, ಅದನ್ನ ಸಮಿತಿಗೆ ತಿಳಿಸಲೂ ಇಲ್ಲ. ಇದರಿಂದ ಸಿಐಎ ಕೆನಡಿಯನ್ನ ಕೊಂದಿತು ಅಂತ ಸಾಬೀತಾಗಲ್ಲ. ಅಧಿಕಾರದ ದುರುಪಯೋಗ ಅನ್ನೋದಕ್ಕೆ ಇಷ್ಟೇ ಸಾಕು, ಕೊಲೆಗಾರ ಯಾರೇ ಆಗಿರಲಿ.

ಥಿಯರಿ ಕಡೆಯವರ ಅಧಿಕಾರವನ್ನೂ ಅಷ್ಟೇ ಗಟ್ಟಿಯಾಗಿ ನೋಡಬೇಕಿತ್ತು. ನ್ಯೂ ಆರ್ಲಿಯನ್ಸ್‌ನ ಡಿಸ್ಟ್ರಿಕ್ಟ್ ಅಟಾರ್ನಿ, ಅಂದ್ರೆ ಸರ್ಕಾರಿ ವಕೀಲ, ಜಿಮ್ ಗ್ಯಾರಿಸನ್ 1967ರ ಮಾರ್ಚ್ 1ಕ್ಕೆ ಕ್ಲೇ ಶಾ ಅನ್ನೋ ವ್ಯಾಪಾರಸ್ಥನನ್ನ ಕೆನಡಿ ಕೊಲೆಯ ಪಿತೂರಿ ಆರೋಪದಲ್ಲಿ ಅರೆಸ್ಟ್ ಮಾಡಿಸಿದ. ಮುಖ್ಯ ಸಾಕ್ಷಿಗೆ ಔಷಧಿ ಚುಚ್ಚಿ, ಹಿಪ್ನಾಟೈಸ್ ಮಾಡಿ ಕೇಳಿದ್ದೆಲ್ಲ ಆ ಕೇಸಿನ ಬುನಾದಿ. ಎರಡು ವರ್ಷ ಎಳೆದಾಡಿದ ಮೇಲೆ ಜ್ಯೂರಿ ಒಂದು ಗಂಟೆಯೊಳಗೆ ನಿರಪರಾಧಿ ಅಂತು, ಅಷ್ಟಕ್ಕೂ ಬಿಡದೆ ಸುಳ್ಳು ಸಾಕ್ಷಿ ಹೇಳಿದ ಅಂತ ಶಾ ಮೇಲೇ ಇನ್ನೊಂದು ಕೇಸು ಹಾಕಿದ, ಫೆಡರಲ್ ಕೋರ್ಟ್ ಬಂದು ತಡೀಬೇಕಾಯ್ತು. ಶಾ 1974ರಲ್ಲಿ ತೀರಿಕೊಂಡ್ರು.

ಎರಡು ಕಥೆ ಸೇರೋ ಜಾಗ ನನಗೆ ಸಿಕ್ಕಿದ್ದು 1865ರಲ್ಲಿ. ಏಪ್ರಿಲ್ 11ಕ್ಕೆ ಲಿಂಕನ್ ಕೆಲವು ಕಪ್ಪು ಜನರಿಗಾದ್ರೂ ಮತದಾನದ ಹಕ್ಕು ಬೇಕು ಅಂತ ಭಾಷಣ ಮಾಡಿದ್ರು, ಗುಂಪಲ್ಲಿ ನಿಂತು ಕೇಳಿಸ್ಕೊಂಡಿದ್ದ ಜಾನ್ ವಿಲ್ಕ್ಸ್ ಬೂತ್ 14ಕ್ಕೆ ಥಿಯೇಟರಲ್ಲಿ ಅವರ ಮೇಲೆ ಗುಂಡು ಹಾರಿಸಿದ. ಇಲ್ಲಿ ಪಿತೂರಿ ನಿಜವಾಗ್ಲೂ ಇತ್ತು, ಎಂಟು ಜನರ ವಿಚಾರಣೆ ಆಗಿ ನಾಲ್ವರಿಗೆ ಗಲ್ಲಾಯ್ತು. ಆದ್ರೆ ವಿಚಾರಣೆ ನಡೆಸಿದ ಮಿಲಿಟರಿ ಕಮಿಷನ್ನಿನ ಮುಂದೆ ವಾದಿಸಿದ ಸರ್ಕಾರದ ಕಡೆಯವರಿಗೆ ಯುದ್ಧದಲ್ಲಿ ಸೋತ ದಕ್ಷಿಣದ ರಾಜ್ಯಗಳ ಅಧ್ಯಕ್ಷ ಜೆಫರ್ಸನ್ ಡೇವಿಸ್‌ನನ್ನೂ ಇದರಲ್ಲಿ ಸೇರಿಸೋ ಆಸೆ ಇತ್ತು. ಸ್ಯಾನ್‌ಫರ್ಡ್ ಕೊನೋವರ್ ಅನ್ನೋ ಹೆಸರಲ್ಲಿ ಬಂದವನೊಬ್ಬ ಅವರಿಗೆ ಬೇಕಾದ ಸಾಕ್ಷಿ ಹೇಳಿದ, ಕೊನೆಗೆ ಅವನೇ ಸುಳ್ಳು ಸಾಕ್ಷಿಗೆ ಜೈಲಿಗೆ ಹೋದ. ಡೇವಿಸ್ ಸ್ವತಃ ಗುಲಾಮರ ಒಡೆಯ, ಗುಲಾಮಗಿರಿ ಉಳಿಸೋಕೆ ಯುದ್ಧ ನಡೆಸಿದವನು, ಅವನ ಬಗ್ಗೆ ನನಗೆ ಕಿಂಚಿತ್ತೂ ಕನಿಕರ ಇಲ್ಲ. ಹಾಗಿದ್ರೂ ಅವನ ವಿರುದ್ಧ ಹುಟ್ಟಿಸಿದ ಸಾಕ್ಷಿ ಹುಟ್ಟಿಸಿದ್ದೇ. ಲಿಡಿಯಾ, ಸೀಲಿಯಾಗೆ ಬಾಯಿ ಇದ್ದೂ ಸಾಕ್ಷಿ ಆಗೋಕೆ ಬಿಡದ ದೇಶದಲ್ಲಿ ಕೊನೋವರ್‌ನಂಥವನ ಮಾತಿಗೆ ಕೋರ್ಟಲ್ಲಿ ಜಾಗ ಇತ್ತು, ಇದಕ್ಕೆ ನನಗೆ ಬರೋ ಸಿಟ್ಟು ಅಷ್ಟಿಷ್ಟಲ್ಲ.

ಈಗ ಕ್ಲೇ ಶಾ ಕೇಸು ಇಟ್ಕೊಂಡು ಮೂರನೆಯದು ಬರೀತಿದೀನಿ. ಗ್ಯಾರಿಸನ್ ತಾನು ಮಾಡ್ತಿರೋದು ನ್ಯಾಯ ಅಂತ ಕೊನೇವರೆಗೂ ನಂಬಿದ್ದವನು, ಅವನನ್ನ ಹಾಗೇ ಬರೀಬೇಕು ಅಂತಿದೀನಿ. ಮೊದಲ ಅಧ್ಯಾಯ ಪೂರ್ತಿ ಶಾ ಮನೆಗೆ ಪೊಲೀಸರು ಬಂದು ಒಂದೊಂದೇ ಸಾಮಾನು ತೆಗೆದು ಪಟ್ಟಿ ಮಾಡೋದ್ರಲ್ಲೇ ಹೋಗುತ್ತೆ.